ಡಾಕ್ಟರಮ್ಮನಿಗೊಂದು ಉದ್ದನೆಯ ನೆರಳು

ನನ್ನ ಅಣ್ಣನ ಮಗಳನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ಗುಡುಗು ಎಂದು. ಹುಟ್ಟಿದ ದಿನವೇ ಹೆರಿಗೆ ವಾರ್ಡಿನ ಉಳಿದ ಕೂಸುಗಳನ್ನೆಲ್ಲ ಎಬ್ಬಿಸಿ ಅಳಿಸಿದ ಕೀರ್ತಿ ಅವಳದು. ಈಗ ಡಾಕ್ಟರಿಕೆ ಓದುತ್ತಿದ್ದಾಳೆ, ಬಾಗಿಲಿನಷ್ಟು ಎತ್ತರ ಬೆಳೆದಿದ್ದಾಳೆ, ಗಂಟಲು ಮಾತ್ರ ಹುಟ್ಟಿದಾಗಿನದೇ. ಇಂಥವಳಿಗೆ ಆಗಬೇಕಾಗಿರುವುದು ಏನು? ಮಕ್ಕಳ ಡಾಕ್ಟರು.

ರಜೆಯಲ್ಲಿ ಜೊತೆಗಿದ್ದು ಕೆಲಸ ನೋಡುತ್ತೇನೆಂದು ಪಕ್ಕದ ಬೀದಿಯ ಮಕ್ಕಳ ಡಾಕ್ಟರಮ್ಮನನ್ನು ಕೇಳಿಬಂದಳು. ಡಾಕ್ಟರಮ್ಮ ನನ್ನ ಭುಜಕ್ಕೂ ಬಾರದ ಗಿಡ್ಡ ಹೆಂಗಸು. ಅವರ ಮಾತು ಅವರಿಗಿಂತ ಗಿಡ್ಡ. "ನೆರಳಿನ ಹಾಗೆ ನನ್ನ ಹಿಂದೆ ನಿಂತಿರು. ನೆರಳು ಮಾತಾಡಲ್ಲ. ಸೋಮವಾರ ಬಾ, ನೋಡೋಣ. ನಿನ್ನ ನೋಡಿ ಒಂದು ಮಗು ಅತ್ರೂ ಅವತ್ತೇ ಕೊನೆ."

"ಅವರಿಗೆ ನೀನು ಸಂಜೆ ಹೊತ್ತಿನ ನೆರಳು ಕಣೇ," ಎಂದೆ. "ಆಸಾಮಿಗಿಂತ ಎರಡರಷ್ಟು ಉದ್ದ."

"ಅತ್ತೆ, ತಮಾಷೆ ಬೇಡ. ನನ್ನ ಕಂಡ್ರೆ ಮಕ್ಕಳು ಅಳ್ತಾವೆ. ಏನ್ ಮಾಡ್ಲಿ?" ಎಂದಳು, ಅವಳ ಪ್ರಕಾರ ಪಿಸುಮಾತಿನಲ್ಲಿ. ಎದುರುಮನೆಯ ನಾಯಿ ಬೊಗಳಿತು.

ಅವಳು 'ಅತ್ತೆ' ಎಂದಾಗಲೆಲ್ಲ ನನಗೊಂದು ಹಳೆಯ ಗೊಂದಲ. ಚಿಕ್ಕವಳಿದ್ದಾಗ ಮೊಣಕಾಲು ತರಚಿಕೊಂಡು "ಅತ್ತೇ" ಎಂದು ಓಡಿಬಂದರೆ, ನನ್ನನ್ನು ಕರೆದಳೋ, ತಾನು ಅತ್ತ ವರದಿ ಒಪ್ಪಿಸಿದಳೋ ತಿಳಿಯುತ್ತಿರಲಿಲ್ಲ.

ತಾಲೀಮು ಶುರುವಾಯಿತು. ಎರಡು ವರ್ಷದ ಮಗುವಿನ ಪಾತ್ರ ನಿವೃತ್ತ ಬ್ಯಾಂಕ್ ಮ್ಯಾನೇಜರಾದ ನನ್ನ ಅಣ್ಣನದು. ಅವನು ಅದರಲ್ಲಿ ಎಷ್ಟು ತಲ್ಲೀನನಾದನೆಂದರೆ, ಗಂಟಲು ನೋಡಲು ಒಡ್ಡಿದ ಚಮಚವನ್ನು ಕಚ್ಚಿ ಹಿಡಿದವನು ಬಿಡಲೇ ಇಲ್ಲ.

"ಅಪ್ಪಾ, ಬಿಡಪ್ಪಾ."

"ಅಪ್ಪ ಯಾರು? ನಂಗೆ ಎರಡೇ ವರ್ಷ," ಎಂದ ಚಮಚದ ಸಂದಿಯಿಂದ.

ಅತ್ತಿಗೆ ಅಡುಗೆಮನೆಯಿಂದಲೇ ಹೇಳಿದಳು: "ಮದುವೆ ಆದಾಗಿಂದ ಅವರಿಗೆ ಅಷ್ಟೇ ವಯಸ್ಸು. ತಾಲೀಮು ಬೇರೆ ಯಾಕೆ?"

ಸ್ಟೆತಾಸ್ಕೋಪಿನ ತಣ್ಣನೆಯ ಬಿಲ್ಲೆಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗಾಗಿಸುವುದು, ಮಂಡಿಯೂರಿ ಗಿಡ್ಡವಾಗುವುದು, ದನಿ ತೆಗೆಯದೆ ಹುಬ್ಬಿನಲ್ಲೇ ನಗುವುದು, ಎಲ್ಲ ಕಲಿತಳು. ಕೊನೆಗೆ ಎದುರುಮನೆಯ ಮೂರು ವರ್ಷದ ಚೋಟುವನ್ನು ಎರವಲು ತಂದೆವು. ಅವನು ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆದ, ಆಮೇಲೆ ಅತ್ತ. ಅಳೆಯುವುದಕ್ಕೂ ಅಳುವುದಕ್ಕೂ ಅಷ್ಟು ಹತ್ತಿರದ ನಂಟಿದೆಯೆಂದು ನನಗೆ ಗೊತ್ತಾದದ್ದು ಅಂದೇ. ಆದರೆ ವಾರ ಕಳೆಯುವಷ್ಟರಲ್ಲಿ ಅವನು ಅವಳ ಬೆನ್ನೇರಿ ಸವಾರಿ ಮಾಡುತ್ತಿದ್ದ. ಅವಳು ನನ್ನನ್ನು ಕರೆಯುವುದು ಕೇಳಿ ಕೇಳಿ, ಅವಳನ್ನೇ ಅತ್ತೆ ಎನ್ನತೊಡಗಿದ್ದ.

ಸೋಮವಾರ ಚೋಟುವಿಗೂ ಚುಚ್ಚುಮದ್ದಿತ್ತು. ಅವನ ತಾಯಿಗೆ ಜೊತೆಯೆಂಬ ನೆಪದಲ್ಲಿ ನಾನೂ ಹೋದೆ. ಡಾಕ್ಟರಮ್ಮನ ಕೋಣೆಯ ಗೋಡೆಯಲ್ಲಿ ಮಕ್ಕಳ ಎತ್ತರ ಅಳೆಯುವ ಜಿರಾಫೆಯ ಚಿತ್ರ. ಅದರ ಪಕ್ಕದಲ್ಲಿ ಗುಡುಗು, ಜಿರಾಫೆಗೇ ಕೀಳರಿಮೆ ಬರುವಂತೆ, ಬಾಯಿಗೆ ಬೀಗ ಹಾಕಿ ನಿಂತಿದ್ದಳು. ಬೆಳಗಿನಿಂದ ಒಂದು ಮಗುವೂ ಅವಳನ್ನು ನೋಡಿ ಅತ್ತಿರಲಿಲ್ಲ.

ಡಾಕ್ಟರಮ್ಮ ಸೂಜಿ ಎತ್ತಿದರು. ಚೋಟುವಿನ ಕೆಳತುಟಿ ಹೊರಬಂತು. ಸೂಜಿ ಇಳಿಯಿತು. ಕಿಟಕಿಯ ಗಾಜು ನಡುಗುವಂಥ ಅಳು ಎದ್ದಿತು.

ಅತ್ತದ್ದು ಚೋಟು ಅಲ್ಲ. ಹಿಂದೆ ನಿಂತ ನೆರಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಗುಡುಗಿ ಮಳೆ ಸುರಿಸುತ್ತಿತ್ತು. ಚೋಟು ತನ್ನ ಅಳುವನ್ನು ತುಟಿಯ ಮೇಲೇ ಮರೆತು ಅವಳತ್ತ ನೋಡಿದ.

"ಅತ್ತೆ, ಯಾಕತ್ತೆ?"

"ಏನಂದ ಇವನು?" ಎಂದರು ಡಾಕ್ಟರಮ್ಮ.

"ಮೊದಲನೇ ಅತ್ತೆ ಸಂಬಂಧ," ಎಂದೆ. "ಎರಡನೇದು ಸಂಕಟ."

ಗುಡುಗು ಮೂಗು ಒರೆಸಿಕೊಂಡು ಬ್ಯಾಗು ಎತ್ತಿಕೊಂಡಳು. "ಹೋಗ್ತೀನಿ ಮೇಡಂ."

"ಎಲ್ಲಿಗೆ? ನಾನು ಹೇಳಿದ್ದು ಮಗು ಅತ್ರೆ ಅಂತ. ಮಗು ಎಲ್ಲಿ ಅತ್ತಿದೆ?" ಡಾಕ್ಟರಮ್ಮ ಚೋಟುವಿನ ತೋಳಿಗೆ ಹತ್ತಿ ಒತ್ತಿದರು. "ಗಿಲಕಿ ಆಡ್ಸಿ ಆಡ್ಸಿ ನನ್ನ ಕೈ ಬಿದ್ದುಹೋಗಿದೆ. ಚುಚ್ಚಿದ್ದೇ ಗೊತ್ತಾಗದ ಹಾಗೆ ಕೂತವನು ಇವನೊಬ್ಬನೇ. ನಾಳೆ ಬೇಗ ಬಾ."

ಅಷ್ಟರಲ್ಲಿ ಹೊರಗೆ ಕಾಯುತ್ತಿದ್ದ ಮಕ್ಕಳೆಲ್ಲ ಒಟ್ಟಿಗೇ ಅಳತೊಡಗಿದವು. ಗುಡುಗಿನ ಮುಖ ಮತ್ತೆ ಬಾಡಿತು. ಡಾಕ್ಟರಮ್ಮ ಎದ್ದುಹೋಗಿ ಬಾಗಿಲು ಮುಚ್ಚಿದರು.

"ಅದು ಲೆಕ್ಕಕ್ಕಿಲ್ಲ," ಎಂದರು. "ಅವು ನಿನ್ನ ನೋಡಿಲ್ಲ. ಬರೀ ಕೇಳಿದ್ದು."