ನಾನು ನೋಡದ ಕೊಡಗು

ನಾನು ಕೊಡಗನ್ನು ನೋಡಿಲ್ಲ, ಪುಟ್ಟತಾಯಿ. ಆಗಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಹೋಗಿ ನೋಡಿಬಂದವನಂತೆ ಮಾತಾಡಿ, ನಂಬಿಸಿ, ನಿನ್ನ ಅಪ್ಪ ಅವ್ವನನ್ನೂ ಅವರ ಕಂಕುಳಲ್ಲಿದ್ದ ನಿನ್ನನ್ನೂ ಅಲ್ಲಿಗೆ ಕಳಿಸಿದವನು ನಾನು. ಇದಿಷ್ಟನ್ನು ಹೇಳಲು ಇಷ್ಟು ವರ್ಷ ಬೇಕಾಯಿತು. ನೀನು ಮಕ್ಕಳ ತಾಯಿಯಾದೆ, ನನ್ನ ಹಲ್ಲುಗಳು ಉದುರಿದವು, ಊರಿಗೆ ಕರೆಂಟು ಬಂತು — ಹಬ್ಬ ಕಳೆಯಲಿ ಹೇಳುತ್ತೇನೆ, ಒಕ್ಕಣೆ ಮುಗಿಯಲಿ ಹೇಳುತ್ತೇನೆ ಎಂದು ಮುಂದಕ್ಕೆ ತಳ್ಳುತ್ತಲೇ ಬಂದೆ.

ನಿನಗೆ ಗೊತ್ತಿರುವ ಕಥೆ ಬೇರೆ. ತಬ್ಬಲಿಯಾದ ಅಕ್ಕನ ಮಗಳನ್ನು ಸೋದರಮಾವ ಸಾಕಿದ, ನಾಲ್ಕಕ್ಷರ ಕಲಿಸಿದ, ಧಾರೆ ಎರೆದು ಕೊಟ್ಟ — ಊರು ಹೇಳುವುದು ಇದನ್ನೇ. ಜನ ನನ್ನನ್ನು ಪುಣ್ಯಾತ್ಮ ಎಂದಾಗಲೆಲ್ಲ ನಾನು ತಲೆ ತಗ್ಗಿಸುತ್ತಿದ್ದೆ. ಅದನ್ನು ವಿನಯ ಎಂದುಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಪಾಡು ಅದು ಎಂದು ಯಾರಿಗೂ ಹೊಳೆಯಲಿಲ್ಲ.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತು. ಮಂಡ್ಯ, ಮದ್ದೂರಿನ ಕಡೆ ನಾಲೆ ಹರಿದು ಹೊಲಗಳೆಲ್ಲ ಗದ್ದೆಗಳಾಗಿದ್ದವು. ಇತ್ತ ಮಳವಳ್ಳಿ ದಾಟಿ, ಬೆಳಕವಾಡಿಯ ಆಚೆಗಿರುವ ನಮ್ಮೂರಿನ ಮೇಲುಹೊಲಗಳಿಗೆ ಆ ನೀರು ಹತ್ತಲಿಲ್ಲ. ಹೊಟ್ಟೆಗೇನೂ ಕಡಿಮೆಯಿರಲಿಲ್ಲ, ರಾಗಿಯಿತ್ತು, ಅವರೆಯಿತ್ತು, ಹುರುಳಿಯಿತ್ತು. ಆದರೆ ಗದ್ದೆಯಿದ್ದವನ ಗತ್ತೇ ಬೇರೆ. ಗೆಜ್ಜಲಗೆರೆಯ ನೆಂಟರು ನಮ್ಮ ಜಗಲಿಯ ಮೇಲೆ ಕೂತು ನಾಟಿ, ಭತ್ತ ಎಂದು ಮಾತು ತೆಗೆದರೆ ಸಾಕು, ನಿನ್ನಪ್ಪ ಎದ್ದು ಎತ್ತುಗಳ ಹತ್ತಿರ ಹೋಗಿಬಿಡುತ್ತಿದ್ದ. ಒಮ್ಮೆ ನನ್ನೊಡನೆ ಅಂದಿದ್ದ: "ನಮ್ ಗದ್ದೇಲಿ ಬೆಳೆದ ಬತ್ತದಲ್ಲಿ ಈ ಮಗೀಗೆ ಒಂದ್ಸಲ ಅನ್ನ ಉಣ್ಣುಸ್ಬೇಕು ಕಣ್ಲಾ. ಅಷ್ಟೇಯ ನನ್ ಆಸೆ."

ಆಗ ಒಂದು ಸುದ್ದಿ ಬಂತು. ಕೊಡಗಿನ ಗಡಿಯಲ್ಲಿ, ಕಾಡಿನ ಅಂಚಿನ ಜೌಗು ನೆಲವನ್ನು ಕಡಿದು ಗದ್ದೆ ಮಾಡುವ ಒಕ್ಕಲುಗಳಿಗೆ ಅಲ್ಲಿಯ ಜಮೀನುದಾರನೊಬ್ಬ ಪಾಲಿಗೆ ಭೂಮಿ ಕೊಡುತ್ತಾನಂತೆ, ಇರಲು ಗುಡಿಸಲು ಕೊಡುತ್ತಾನಂತೆ ಎಂದು. ನಿನ್ನಪ್ಪನ ಕಣ್ಣಿಗೆ ಅವತ್ತಿನಿಂದ ನಿದ್ದೆಯಿಲ್ಲ. ನಮಗೆ ಅದು ಪರದೇಶ. ಆಚೆಯ ದೊರೆತನ ಬೇರೆ, ಮಾತು ಬೇರೆ, ಉಡುಗೆ ಬೇರೆ. ಕಣ್ಣು ಮುಚ್ಚಿಕೊಂಡು ಸಂಸಾರ ಹೊರಡಿಸುವಂತಿರಲಿಲ್ಲ.

ನಮ್ಮವರ ಪದ್ಧತಿ ನಿನಗೂ ಗೊತ್ತು. ಹೆಣ್ಣು ಕೊಡುವ ಮನೆಯಾಗಲಿ, ಒಕ್ಕಲು ಹೋಗುವ ಊರಾಗಲಿ, ಮೊದಲು ಒಬ್ಬ ಹೋಗಿ ಕೆಲವು ದಿನ ಇದ್ದು, ಅಲ್ಲಿಯ ನೀರು ಕುಡಿದು ಬರಬೇಕು. ಬಂದವನ ಮಾತನ್ನು ಆಮೇಲೆ ಕೇಳುತ್ತಾರೆ. ಮೊದಲು ಅವನ ಮೈ ನೋಡುತ್ತಾರೆ — ಬತ್ತಿದ್ದರೆ ಆ ನೀರು ನಮಗೆ ಹಿಡಿಸದು, ತುಂಬಿದ್ದರೆ ಹಿಡಿಸುತ್ತದೆ. ನನ್ನನ್ನು ಆರಿಸಿದರು. ನಾನು ಲೋಯರ್ ಸೆಕೆಂಡರಿ ಪಾಸು ಮಾಡಿದವನು, ಮದುವೆಯಿಲ್ಲದವನು, ಮಾತು ಬಲ್ಲವನು. ಕೊಡಗೇನು, ಕಾಶಿಗೇ ಕಳಿಸಿದರೂ ನೋಡಿಕೊಂಡು ಬರುತ್ತೇನೆ ಎಂದು ಜಂಬ ಬೇರೆ ಕೊಚ್ಚಿಕೊಂಡಿದ್ದೆ.

ಮದ್ದೂರಿನಲ್ಲಿ ರೈಲು ಹತ್ತಿ ಮೈಸೂರಿಗೆ ಹೋದೆ, ಅಲ್ಲಿಂದ ಬಸ್ಸಿನಲ್ಲಿ ಹುಣಸೂರಿಗೆ. ಮುಂದಿನ ಬಸ್ಸಿಗೆ ಕಾಯುತ್ತ ಮರದಡಿ ನಿಂತಿದ್ದೆ. ಪಕ್ಕದಲ್ಲಿ ಒಬ್ಬ ಹೆಂಗಸು, ಉರಿಬಿಸಿಲಿನಲ್ಲಿ ಕಂಬಳಿ ಹೊದ್ದು ಮುದುರಿಕೊಂಡಿದ್ದಳು. ಕಂಬಳಿಯ ಒಳಗಿಂದ ಹಲ್ಲು ಕಟಕಟ ಎನ್ನುವುದು ನನಗೆ ಕೇಳಿಸುತ್ತಿತ್ತು. ಅವಳ ಕಾಲ ಬುಡದಲ್ಲಿ ಒಂದು ಮಗು — ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಜ್ವರಗೆಡ್ಡೆ ಬೆಳೆದು ಊದಿತ್ತು. ಅವಳ ಗಂಡನಿರಬೇಕು, ನನ್ನನ್ನು ಕೇಳಿದ, "ಎತ್ಲಾಗಪ್ಪ ಒಂಟೆ?" ಕೊಡಗಿಗೆ ಎಂದೆ.

"ಓಗ್ಬೇಡ ಕಣಪ್ಪ. ನಾವು ಅಲ್ಲಿಂದ್ಲೇ ಬತ್ತಾ ಇರೋದು. ಇಬ್ರು ಮಕ್ಳ ಅಲ್ಲೇ ಮಣ್ ಮಾಡ್ಬುಟ್ಟು ಬಂದಿವ್ನಿ."

ಬಸ್ಸು ಬಂತು. ನಾನು ಹತ್ತಲಿಲ್ಲ. ಹೋದ ದಾರಿಯಲ್ಲೇ ಮೈಸೂರಿಗೆ ಓಡಿಬಂದೆ.

ಅಂಜಿದ್ದಕ್ಕೆ ನಾನು ಇವತ್ತು ನಿನ್ನ ಮುಂದೆ ತಲೆ ತಗ್ಗಿಸುತ್ತಿಲ್ಲ, ಮಗಳೇ. ಅಂಜಿದವನು ನೆಟ್ಟಗೆ ಊರಿಗೆ ಬಂದು, 'ನಾನು ಹುಣಸೂರು ದಾಟಲಿಲ್ಲ, ಅಲ್ಲಿ ಕಂಡದ್ದು ಇದು' ಎಂದಿದ್ದರೆ ನಿನ್ನಪ್ಪ ನಾಲ್ಕು ದಿನ ಮುಖ ಊದಿಸಿಕೊಂಡು ಮತ್ತೆ ರಾಗಿ ಬಿತ್ತುತ್ತಿದ್ದ. ಊರಿನವರು ನನ್ನನ್ನು ಪುಕ್ಕಲ ಎನ್ನುತ್ತಿದ್ದರು, ಅಷ್ಟೇ. ಆ ಒಂದು ಮಾತು ಬೇಡವಾಗಿತ್ತು ನನಗೆ. ಆ ಒಂದು ಮಾತು...

ಮೈಸೂರಿನಲ್ಲಿ ನಮ್ಮ ಕಡೆಯವನೇ ಒಬ್ಬನ ಹೋಟೆಲಿತ್ತು. ಅದರ ಹಿಂದಿನ ಕೋಣೆಯಲ್ಲಿ ಉಳಿದುಕೊಂಡೆ. ಅವನಿಗೂ ನಿಜ ಹೇಳಲಿಲ್ಲ. ಮೂರು ಹೊತ್ತೂ ಕೂತು ತಿಂದೆ — ಬೆಣ್ಣೆ ಹಾಕಿದ ದೋಸೆ, ಗಟ್ಟಿ ಮೊಸರು, ತುಪ್ಪದ ಅನ್ನ. ಅಲ್ಲಿಗೆ ದಿನಾ ಕಾಫಿಗೆ ಬರುತ್ತಿದ್ದ ಮಡಿಕೇರಿಯ ಒಬ್ಬ ಪಿಂಚಣಿದಾರರಿಗೆ ತಮ್ಮ ನಾಡಿನ ಮಾತೆಂದರೆ ಜೀವ. ನಾನು ಕೇಳುತ್ತ ಹೋದೆ, ಅವರು ಹೇಳುತ್ತ ಹೋದರು. ಪಾಠ ಒಪ್ಪಿಸುವವನಂತೆ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡೆ.

ಊರಿಗೆ ಬಂದಾಗ ನನ್ನವ್ವ, ನಿನ್ನಜ್ಜಿ, ಬಾಗಿಲಲ್ಲೇ ನಿಲ್ಲಿಸಿ ನನ್ನ ರಟ್ಟೆ ಹಿಡಿದು ನೋಡಿದಳು, ಕೆನ್ನೆ ಸವರಿದಳು. ಜಗಲಿಯಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದಳು: "ಮೈಕೈ ತುಂಬ್ಕ ಬಂದವ್ನೆ ನನ್ ಮಗ. ನೀರು ಇಡಿಸ್ದೆ ಓಗಿದ್ರೆ ಇಂಗಾಗೋನಾ?" ಅಲ್ಲಿಗೆ ಮುಗಿಯಿತು. ನಾನಿನ್ನೂ ಬಾಯಿ ತೆರೆದಿರಲಿಲ್ಲ. ಹೋಟೆಲಿನ ಬೆಣ್ಣೆ ನನ್ನ ಪರವಾಗಿ ಸಾಕ್ಷಿ ಹೇಳಿಬಿಟ್ಟಿತ್ತು.

ಆಮೇಲೆ ಬಾಯಿಯನ್ನೂ ತೆರೆದೆ. ಏನು ಮಾತಾಡಿದೆ ಅವತ್ತು! ಅಲ್ಲಿ ಬೇಸಿಗೆಯಲ್ಲೂ ಬೆಳಿಗ್ಗೆ ಬೆವರು ಹರಿಯುವುದಿಲ್ಲ ಎಂದೆ. ಮಳೆ ಹಿಡಿದರೆ ತಿಂಗಳುಗಟ್ಟಲೆ ಬಿಡುವುದಿಲ್ಲ, ಯಾರ ಮನೆಯಲ್ಲೂ ಒಲೆ ಆರಗೊಡುವುದಿಲ್ಲ, ಸೌದೆಯನ್ನು ಬೇಸಿಗೆಯಲ್ಲೇ ಒಟ್ಟಿಕೊಳ್ಳಬೇಕು ಎಂದೆ. ಜನ ಮುಂಗೋಪಿಗಳು, ಆದರೆ ಕೊಟ್ಟ ಮಾತಿಗೆ ತಪ್ಪುವವರಲ್ಲ, ಹಿರಿಯರು ಎದುರಾದರೆ ದಾರಿಯಲ್ಲೇ ಕಾಲು ಮುಟ್ಟುತ್ತಾರೆ, ಮನೆಮನೆಗೂ ಕೋವಿಯಿದೆ, ಹೆಂಗಸರು ಸೀರೆಯ ನಿರಿಗೆಯನ್ನು ಬೆನ್ನಿನ ಕಡೆಗೆ ಸಿಕ್ಕಿಸುತ್ತಾರೆ. ಬೆಳಿಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿಗೂ ಅನ್ನ. ಹಂದಿಮಾಂಸದ ಮಾತು ಬಂದಾಗ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಕಿತ್ತಳೆಯನ್ನು ನಾವು ಹುಣಸೆಹಣ್ಣು ಆಯುವಂತೆ ನೆಲದಿಂದ ಆಯುತ್ತಾರೆ ಎಂದೆ. ನಿನ್ನಪ್ಪ ಬಾಯಿ ತೆರೆದುಕೊಂಡು ಕೇಳುತ್ತಿದ್ದ.

ಅದರಲ್ಲಿ ಒಂದು ಮಾತೂ ಸುಳ್ಳಿರಲಿಕ್ಕಿಲ್ಲ. ಆ ಪಿಂಚಣಿದಾರರು ತಮ್ಮ ಎತ್ತರದ ಊರನ್ನು, ಉಳ್ಳವರ ಮನೆಗಳನ್ನು ಕಂಡಂತೆ ಹೇಳಿದ್ದರು. ಕಾಡಂಚಿನ ಜೌಗಿನಲ್ಲಿ ಗುಡಿಸಲು ಹಾಕಿಕೊಂಡ ಪರವೂರಿನ ಒಕ್ಕಲಿನ ಪಾಡು ಅವರ ಮಾತಿನಲ್ಲಿ ಬರಲಿಲ್ಲ, ನಾನೂ ಕೇಳಲಿಲ್ಲ. ಕೇಳುವ ಅಗತ್ಯವೇನಿತ್ತು — ಅದನ್ನು ನಾನು ಹುಣಸೂರಿನ ಮರದಡಿ ಕಣ್ಣಾರೆ ಕಂಡಿದ್ದೆ.

ಹೊರಡುವ ಹಿಂದಿನ ದಿನ ನಿನ್ನವ್ವ ನನ್ನನ್ನು ಹಿತ್ತಲಿಗೆ ಕರೆದಳು. ಬೀಜದ ರಾಗಿಯನ್ನು ಮೂಟೆ ಕಟ್ಟುತ್ತಿದ್ದಳು. ಆಗ ಅವಳು ಬಸುರಿ. ನೀನು ಅವಳ ಬೆನ್ನಿಗೆ ಜೋತುಬಿದ್ದು ಆಡುತ್ತಿದ್ದೆ. ಕೈ ನಿಲ್ಲಿಸದೆಯೇ ಕೇಳಿದಳು: "ಅಲ್ಲಿ ಚಳಿಜ್ವರ ಅಂತಾರಲ್ಲ, ದಿಟವೇನ್ಲಾ? ಮಗಾ ಕಟ್ಕಂಡು ಓಯ್ತಾ ಇವ್ನಿ. ನಂಗೊಬ್ಳಿಗೆ ಯೋಳು."

ಇನ್ಯಾರೂ ಇರಲಿಲ್ಲ. ಹೇಳಿದ್ದರೆ ಅವಳು ಯಾರಿಗೂ ಬಿಟ್ಟುಕೊಡದೆ ಏನಾದರೂ ನೆಪ ಮಾಡಿ ಗಂಡನನ್ನು ತಡೆಯುತ್ತಿದ್ದಳು. ನನ್ನ ಮಾನವೂ ಉಳಿಯುತ್ತಿತ್ತು. ಅಷ್ಟು ದೊಡ್ಡ ಬಾಗಿಲನ್ನು ದೇವರು ತೆರೆದಿಟ್ಟಿದ್ದ.

ನಾನು ಅಂದೆ: "ಅವೆಲ್ಲ ಸುಳ್ಳು ಕಣಕ್ಕ. ನಾನೇ ಓಗಿ ನೋಡ್ಕ ಬಂದಿಲ್ವಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನ ಆ ಮಾತು ಹೋಗಲೇ ಇಲ್ಲ. ಉಣ್ಣುವಾಗ, ಮಲಗುವಾಗ, ನಿನ್ನ ತಲೆ ಬಾಚುವಾಗ ಅದು ನನ್ನ ಕಿವಿಯಲ್ಲೇ ಇತ್ತು. ಅಕ್ಕ ಅದನ್ನು ಕೇಳಿ, "ನೀನ್ ಅಂದ್ಮೇಲೆ ಸರಿ ಬುಡು" ಎಂದು ಮೂಟೆಯ ಬಾಯಿ ಬಿಗಿದಳು. ಮಾರನೆಯ ದಿನ ಗಾಡಿ ಹೊರಟಿತು. ನಾನೇ ಎತ್ತುಗಳನ್ನು ನೊಗಕ್ಕೆ ಕಟ್ಟಿಕೊಟ್ಟೆ.

ಮುಂದಿನ ವರ್ಷ ಮಳೆಗಾಲ ಕಳೆದ ಮೇಲೆ ಅಕ್ಕ ಬಂದಳು, ನಿನ್ನನ್ನು ಕಟ್ಟಿಕೊಂಡು. ಯಾರೋ ಪುಣ್ಯಾತ್ಮರು ಮಳವಳ್ಳಿಯ ತನಕ ಬಸ್ಸಿನಲ್ಲಿ ಕೂರಿಸಿ ಕಳಿಸಿದ್ದರಂತೆ. ಸುದ್ದಿ ತಿಳಿದು ಗಾಡಿ ಕಟ್ಟಿಕೊಂಡು ಹೋದ ನಾನು ಅವಳನ್ನು ಗುರುತಿಸದೆ ಮುಂದಕ್ಕೆ ಹೋಗಿದ್ದೆ. ನಿನ್ನ ತಮ್ಮ ಅಲ್ಲೇ ಹುಟ್ಟಿ, ತೊಟ್ಟಿಲಿಗೆ ಹಾಕುವ ಮೊದಲೇ ಹೋಗಿದ್ದ. ನಿನ್ನಪ್ಪ ಭತ್ತ ತೆನೆಗಟ್ಟುತ್ತಿದ್ದಾಗ ಜ್ವರ ನೆತ್ತಿಗೇರಿ ತೀರಿಕೊಂಡಿದ್ದ. ತನ್ನ ಗದ್ದೆಯ ಅನ್ನವನ್ನು ಅವನು ಉಣ್ಣಲಿಲ್ಲ. ನಿನಗೂ ಹೊಟ್ಟೆಯಲ್ಲಿ ಗೆಡ್ಡೆಯಿತ್ತು. ಆಸ್ಪತ್ರೆಯ ಕ್ವಿನೈನ್ ಕುಡಿಸಿ ಕುಡಿಸಿ ನಿನ್ನೊಬ್ಬಳನ್ನು ಉಳಿಸಿಕೊಂಡೆವು. ಆ ಕಹಿಗೆ ನೀನು ನನ್ನ ಕೈ ಕಚ್ಚುತ್ತಿದ್ದೆ.

ಅಕ್ಕ ಚಾಪೆ ಹಿಡಿದಳು. ಒಂದು ದಿನ ನಮ್ಮ ದೊಡ್ಡಪ್ಪ ಬಂದವನು ಅವಳನ್ನು ನೋಡಿ ತಡೆಯಲಾರದೆ ನನ್ನ ಕಡೆ ತಿರುಗಿದ. "ಏನ್ ನೋಡ್ಕ ಬಂದ್ಯಲಾ ನೀನು? ಕಣ್ ಮಡಿಕ್ಕಂಡಿದ್ಯೋ ಇಲ್ವೋ?" ನಾನು ಹೇಳಿಬಿಡುತ್ತಿದ್ದೆ, ಪುಟ್ಟತಾಯಿ. ಬಾಯಿ ತೆರೆದಿದ್ದೆ. ಇಲ್ಲ, ದೊಡ್ಡಪ್ಪ, ನಾನು — ಅಷ್ಟರಲ್ಲಿ ಅಕ್ಕ ಗೋಡೆ ಹಿಡಿದು ಎದ್ದು ಕೂತಳು.

"ಅವುನ್ನ ಯಾಕ್ ಬಯ್ತೀಯ ದೊಡ್ಡಪ್ಪ. ಅವ್ನು ಓದಾಗ ಚೆಂದಾಗೇ ಇತ್ತು. ಇದು ನಮ್ ಅಣೇಬರ. ನನ್ ತಮ್ಮ ಸುಳ್ಳೇಳೋನಲ್ಲ."

ನಾನು ಬಾಯಿ ಮುಚ್ಚಿದೆ. ಸಾಯುವವಳ ನಂಬಿಕೆಯನ್ನು ಕೆಡಿಸಬಾರದು ಎಂದು ಮುಚ್ಚಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು ಅದೂ. ತಪ್ಪಿಸಿಕೊಂಡೆನಲ್ಲ ಎಂದು ಆ ಗಳಿಗೆಯಲ್ಲಿ ಎದೆ ಹಗುರಾಗಿತ್ತು. ಅಕ್ಕ ಕಣ್ಣೆದುರಿಗೆ ನಡುಗುತ್ತಿದ್ದಳು, ನನಗೆ ಹಗುರಾಗಿತ್ತು. ಇದಕ್ಕಿಂತ ಹೀನವಾದದ್ದನ್ನು ನನ್ನ ಬಗ್ಗೆ ನಾನು ಬೇರೇನೂ ಹೇಳಲಾರೆ. ಹೆಚ್ಚು ದಿನ ಉಳಿಯಲಿಲ್ಲ ಅವಳು.

ಸ್ವಾತಂತ್ರ್ಯ ಬಂದ ವರ್ಷ ನಮ್ಮೂರಿನ ಕೆಲವರು ಮತ್ತೆ ಕೊಡಗಿನ ಮಾತೆತ್ತಿದರು. ನನ್ನ ಹತ್ತಿರವೇ ಬಂದರು, ಆ ಸೀಮೆ ಬಲ್ಲವನು ನೀನೊಬ್ಬನೇ, ಹೇಳು ಎಂದು. ಹೋಗಬೇಡಿ ಎಂದೆ. ಯಾಕೆ ಎಂದರು. ಹೋಗಬೇಡಿ ಎಂದರೆ ಹೋಗಬೇಡಿ ಎಂದು ಕೂಗಾಡಿದೆ, ಜಗಲಿಯಿಂದ ಎದ್ದು ಬಂದೆ. ಅಕ್ಕನ ದುಃಖ ಪಾಪ ಇವನಿಗೆ ಇನ್ನೂ ಆರಿಲ್ಲ ಎಂದು ಅವರು ತಮ್ಮತಮ್ಮಲ್ಲೇ ಮಾತಾಡಿಕೊಂಡರಂತೆ. ಅಲ್ಲೂ ನನಗೆ ಒಳ್ಳೆಯ ಹೆಸರೇ ಬಂತು. ಅವತ್ತು ನೀನು ಒಳಗೆ ರೊಟ್ಟಿ ತಟ್ಟುತ್ತಿದ್ದೆ. ಹೊರಗೆ ಬಂದು, "ಯಾಕ್ ಮಾವ, ನಮ್ಮವ್ವ ಗ್ಯಾಪ್ನಕ್ಕೆ ಬಂದ್ಳಾ?" ಎಂದು ನನ್ನ ಕೈಗೆ ನೀರಿನ ಚೊಂಬು ಕೊಟ್ಟೆ. ಕುಡಿದೆ. ಹೇಳಲಿಲ್ಲ.

ನಿನ್ನನ್ನು ಸಾಕಿದ್ದು ಪ್ರಾಯಶ್ಚಿತ್ತ ಎಂದು ನಾನು ಅನ್ನುವುದಿಲ್ಲ. ಮನೆಗೆ ಬೆಂಕಿಯಿಟ್ಟವನು ಉಳಿದ ಕಂಬವನ್ನು ತನ್ನ ಮನೆಗೆ ತಂದಿಟ್ಟುಕೊಂಡರೆ ಅದಕ್ಕೆ ದಾನ ಎನ್ನುತ್ತಾರೆಯೇ? ನೀನು ನನ್ನನ್ನು ಮಾವ ಎಂದು ಕರೆದಷ್ಟೂ ಸಲ ನಾನು ನಿನಗೆ ಮೋಸ ಮಾಡಿದ್ದೇನೆ. ಕ್ಷಮಿಸು ಎಂದು ಕೇಳುವ ಬಾಯಿ ನನಗಿಲ್ಲ; ಕೇಳುವುದೂ ಇಲ್ಲ.

ಒಂದು ಮಾತು ಮಾತ್ರ. ನನ್ನ ದಿನ ಮುಗಿಯುತ್ತ ಬಂತು. ಕಡೆಗಾಲದಲ್ಲಿ ಬಾಯಿಗೆ ಹಾಲು ಬಿಡಲು ಮಕ್ಕಳನ್ನು ಕರೆಯುತ್ತಾರೆ, ನಿನಗೂ ಹೇಳಿಕಳಿಸುತ್ತಾರೆ. ಬರುವುದೂ ಬಿಡುವುದೂ ನಿನ್ನ ಇಷ್ಟ. ನೀನು ಬರಲಿಲ್ಲವೆಂದು ಯಾರೂ ನಿನ್ನನ್ನು ಒಂದು ಮಾತು ಅನ್ನಕೂಡದು ಎಂದು ನನ್ನ ಮಗನಿಗೆ ಹೇಳಿದೆ. "ಯಾಕಪ್ಪ, ಪುಟ್ಟತಾಯಕ್ಕ ಯಾಕ್ ಬರಲ್ಲ?" ಎಂದು ಕೇಳಿದ. ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಅವನು ಎದ್ದುಹೋದ. ಅವತ್ತಿನಿಂದ ನನ್ನನ್ನು ಊಟಕ್ಕೆ ಕರೆಯಲು ಸೊಸೆಯನ್ನು ಕಳಿಸುತ್ತಾನೆ, ತಾನು ಬರುವುದಿಲ್ಲ. ಅವನು ಮಾಡುತ್ತಿರುವುದು ಸರಿಯಾಗಿದೆ.