ಅಂಗಡಿಯವಳ ಪಾಲಿನ ಜರ್ಮನ್

"ಸೋನ್ಸ್ಟ್ ನೋಖ್ ಎಟ್ವಾಸ್?" ಎಂದು ಕೇಳಿಯೇಬಿಟ್ಟೆ. ಕಡೂರು ಸ್ಟೇಷನ್ನಿನಲ್ಲಿ ಮಾರುವವನ ಹತ್ತಿರ ಬಾಳೆಹಣ್ಣು ಕೊಂಡು, ಗಂಡನೊಡನೆ ಜರ್ಮನ್ ಮಾತಾಡುತ್ತಿದ್ದ ಬಿಳಿಯ ಹೆಂಗಸು ಬೆಚ್ಚಿ ನನ್ನತ್ತ ತಿರುಗಿದಳು. ನಾನು ಕೇಳಿದ್ದು, 'ಇನ್ನೇನಾದರೂ ಬೇಕೇ?' ಎಂದು.

ನನಗೆ ಬರುವುದು ಅಂಗಡಿಯವಳ ಜರ್ಮನ್ ಮಾತ್ರ. ಲೇತ್ ಯಂತ್ರದ ಕೆಲಸದ ತರಬೇತಿಗೆ ಪಶ್ಚಿಮ ಜರ್ಮನಿಗೆ ಹೊರಟಿದ್ದ ನಮ್ಮನೆಯವರು, ತರೀಕೆರೆಯ ಮನೆಯಲ್ಲಿ ನಾನು ರೊಟ್ಟಿ ತಟ್ಟುವಾಗ ದಿನವೂ ಜರ್ಮನ್ ಕಲಿಯುವ ಪುಸ್ತಕ ಹಿಡಿದು ಒಲೆಯ ಮುಂದೆ ಕೂರುತ್ತಿದ್ದರು. ಅದರಲ್ಲಿನ ಅಂಗಡಿಯ ಪಾಠದಲ್ಲಿ ಅವರು ಗಿರಾಕಿ, ನಾನು ಅಂಗಡಿಯವಳು. "ಗಿರಾಕಿ ಬಂದವ್ನೆ ಕಣೇ, ಏನ್ ಬೇಕು ಅಂತ ಕೇಳು!" ಎನ್ನುತ್ತಿದ್ದರು. ನಾನು ಜರ್ಮನ್‌ನಲ್ಲಿ ಕೇಳುವವರೆಗೂ ರೊಟ್ಟಿ ಮುಟ್ಟುತ್ತಿರಲಿಲ್ಲ. ಪಾಸ್‌ಪೋರ್ಟ್ ಬಂದ ತಿಂಗಳೇ ಕಾಮಾಲೆಯಿಂದ ತೀರಿಕೊಂಡರು. ಅದಾಗಿ ಆರು ವರ್ಷ.

ಆ ಹೆಂಗಸು ನಕ್ಕಳು. "ನೈನ್, ಡಾಂಕೆ. ದಾಸ್ ಇಸ್ಟ್ ಆಲೆಸ್." ಬೇಡ, ಇಷ್ಟೇ ಸಾಕು. ಕೊನೆಯ ರೊಟ್ಟಿ ಮುಗಿಸಿ, ತಟ್ಟೆ ಸರಿಸುತ್ತಾ ನಮ್ಮನೆಯವರು ಹೇಳುತ್ತಿದ್ದುದೂ ಇದನ್ನೇ. ಆಮೇಲೆ ಆಕೆ ಪ್ರೀತಿಯಿಂದ ಏನೇನೋ ಕೇಳಿದಳು. ನಮ್ಮ ಪಾಠ ಅಲ್ಲಿಗೇ ಮುಗಿಯುತ್ತಿತ್ತು. ನನಗೆ ಒಂದೂ ತಿಳಿಯಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತೆ.

ಪುಸ್ತಕ ಈಗಲೂ ಹಿಟ್ಟಿನ ಡಬ್ಬದ ಪಕ್ಕದಲ್ಲೇ ಇದೆ. ಆಗಾಗ ತೆಗೆದು ಅಂಗಡಿಯವಳ ಸಾಲುಗಳನ್ನು ಓದಿಕೊಳ್ಳುತ್ತೇನೆ. ಗಿರಾಕಿಯ ಮಾತುಗಳನ್ನು ಮಾತ್ರ ಇವತ್ತಿಗೂ ಬಾಯಿಬಿಟ್ಟು ಹೇಳಿಲ್ಲ. ಅವು ಅವರ ಪಾಲಿನವು.