ಹೆಪ್ಪುನೆಲದ ಹಾಲಸ್ವಾಮಿ

ಹೊನ್ನವಳ್ಳಿಯಲ್ಲಿ ಯಾರು ತೆಂಗಿನ ಸಸಿಗೆ ಗುಂಡಿ ತೋಡಿದರೂ ಮಾಜಿ ಸೈನಿಕ ಹಾಲಸ್ವಾಮಿ ಕರೆಯದೆ ಬಂದು ಅಂಚಿನಲ್ಲಿ ಕೂರುತ್ತಾರೆ. ಲಡಾಖಿನಲ್ಲಿ ಹದಿನಾರು ವರ್ಷ ರಸ್ತೆ ಕಡಿದವರಿಗೆ ನಮ್ಮ ಮಣ್ಣು ಮಣ್ಣೇ ಅಲ್ಲ. “ಅಲ್ಲಿ ಮೊಳದಾಳಕ್ಕೆ ನೆಲ ಚಳಿಗೆ ಹೆಪ್ಪಾಗಿರ್ತೈತೆ ಕಣ್ಲಾ. ಮೊಸರಿನಂಗಲ್ಲ, ಕಬ್ಬಿಣದಂಗೆ. ಬ್ಯಾಸಗೇಲೂ ಕರಗಲ್ಲ, ಹಾರೆ ಹಾಕಿದ್ರೆ ಹಾರೇನೇ ಬಗ್ಗೋದು” ಎನ್ನುತ್ತಾರೆ. ಬೇಸಿಗೆಯಲ್ಲಿ ಮೇಲಿನ ಮಣ್ಣಷ್ಟೇ ಕೆಸರಾಗಿ ಗುಡ್ಡದಿಂದ ಜಾರುವುದನ್ನು ಅಂಗೈ ಓರೆ ಮಾಡಿ ತೋರಿಸುತ್ತಾರೆ. ಕೇಳುವವರು ಎದ್ದು ಹೋದರೆ ಮಿಕ್ಕಿದ್ದನ್ನು ತೆಂಗಿನ ಮರಕ್ಕೆ ಹೇಳಿ ಮುಗಿಸುತ್ತಾರೆ. ಊರಲ್ಲಿ ಯಾರು ಸತ್ತರೂ ಸಮಾಧಿಯ ಗುಂಡಿಗೆ ಮೊದಲು ಇಳಿಯುವವರೂ ಅವರೇ. ತಳಕ್ಕೆ ಅಂಗೈ ಒತ್ತಿ ನೋಡಿ, “ಬೆಚ್ಚಗೈತೆ ಬುಡು, ಬ್ಯಾಗ ಮಣ್ಣಾಗ್ತಾರೆ” ಎಂದು ಮನೆಯವರಿಗೆ ಸಮಾಧಾನ ಹೇಳುತ್ತಾರೆ. ಅವರ ಬಾಯಿ ಕಟ್ಟಿಸುತ್ತಿದ್ದವರು ಪಕ್ಕದ ಬೀದಿಯ ಗುರುಸಿದ್ದಮ್ಮ ಒಬ್ಬರೇ. ಆಕೆಯ ಮಗ ಷಡಕ್ಷರಿ ಹಾಲಸ್ವಾಮಿಯ ಜೊತೆ ಲಡಾಖಿನಲ್ಲಿ ಕೆಲಸ ಮಾಡುತ್ತಿದ್ದಾಗ ಹಾಗೆ ಜಾರಿದ ಕೆಸರಿನಡಿ ಸಿಕ್ಕಿ ಸತ್ತವನು. “ನನ್ ಮಗನ್ನ ಸರಿಯಾಗಿ ಮಣ್ಣು ಮಾಡಿದ್ರೇನಪ್ಪಾ?” ಎಂದು ಆಕೆ ಕಂಡಾಗಲೆಲ್ಲ ಕೇಳುತ್ತಿದ್ದರು, “ಮಾಡಿದ್ವಿ ಕಣವ್ವ” ಎಂದು ಇವರು ನಿಲ್ಲದೆ ನಡೆದುಬಿಡುತ್ತಿದ್ದರು. ಹೋದ ವಾರ ಆಕೆಯ ಸಮಾಧಿಯ ಗುಂಡಿಗೂ ಇವರೇ ಇಳಿದರು. ಬಹಳ ಹೊತ್ತಾದರೂ ಮೇಲೆ ಬರಲಿಲ್ಲ. ಬಗ್ಗಿ ನೋಡಿದರೆ ತಳಕ್ಕೆ ಅಂಗೈ ಒತ್ತಿಕೊಂಡು ಮೆಲ್ಲಗೆ ಹೇಳುತ್ತಿದ್ದರು: “ಅವನು ಸಿಗ್ಲೇ ಇಲ್ಲ ಕಣವ್ವ. ಆ ಹೆಪ್ಪುನೆಲದಲ್ಲೇ ಅವ್ನೆ. ಇನ್ನೂ ಮಣ್ಣಾಗಿಲ್ಲ.”